ಪಟ್ಟಿಯಲ್ಲಿ ನೀರಿದ್ದ ಊರು

ನಾನು ಮಾಡಿದ ಕೆಲಸಕ್ಕೆ ನಮ್ಮ ಕಡೆ ಹೆಸರಿರಲಿಲ್ಲ. ಶಾಸಕರ ಬಾಗಿಲಿಗೆ ಹೋಗಬೇಕು, ಸ್ವಂತಕ್ಕೆ ಏನನ್ನೂ ಕೇಳಬಾರದು, ಯಾವುದೋ ಊರಿನ ಕುಡಿಯುವ ನೀರಿನ ವಿಷಯವನ್ನು ಅವರ ಕಿವಿಗೆ ಹಾಕಬೇಕು, ಅವರು ಅದನ್ನು ಬೆಂಗಳೂರಿನಲ್ಲಿ ಎತ್ತುವವರೆಗೆ ಬೆನ್ನು ಬಿಡಬಾರದು. ಅವ್ವ ನೆಂಟರಿಗೆ, "ಆಫೀಸಿನ್ಯಾಗ ಅದಾಳ್ರಿ" ಎಂದಷ್ಟೇ ಹೇಳುತ್ತಿದ್ದಳು. ಯಾವ ಆಫೀಸು ಎಂದು ಯಾರಾದರೂ ಕೇಳಿದರೆ ಚಹಾ ಮಾಡಲು ಎದ್ದುಬಿಡುತ್ತಿದ್ದಳು.

ಈಗ ಇದಕ್ಕೆ ತರಬೇತಿ ಇದೆ, ಕೈಪಿಡಿ ಇದೆ. ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಬರೆದುಕೊಡಿ ಎಂದರು. ಗೆದ್ದ ಕೆಲಸಗಳೆಲ್ಲ ಸಂಸ್ಥೆಯ ವರದಿಗಳಲ್ಲಿವೆ, ಓದಿಕೊಳ್ಳಬಹುದು. ನಾನು ಬರೆಯುವುದು ಒಂದು ಊರಿನ ಬಗ್ಗೆ. ನವಲಗುಂದ ತಾಲೂಕು, ಯಮನೂರಿನಿಂದ ಹೆಚ್ಚು ದೂರವಿಲ್ಲ. ಹೆಸರು ಬೇಡ.

ಎಂಬತ್ತರ ದಶಕದ ನಡುವಿನ ವರ್ಷಗಳು. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದೆ. ಆಗ ಸಂಸ್ಥೆ ಎಂದರೆ ಎರಡು ಕೋಣೆ, ಒಂದು ಟೈಪ್‌ರೈಟರ್ ಮತ್ತು ಅಂಗಡಿ ಸರ್. ಅವರು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಮಾತು ಕಡಿಮೆ, ನಿಯಮ ಜಾಸ್ತಿ. ಮೊದಲ ದಿನ ಹೇಳಿದ್ದು ಇಷ್ಟು: "ಶಾಸಕರ ಮುಂದ ಒಂದ ಹಾಳಿ ಇಡು. ಎರಡನೇದ್ದು ಇಟ್ಟಿ ಅಂದ್ರ ಮೊದಲನೇದ್ದೂ ಓದಂಗಿಲ್ಲ."

ನಾನು ಒಂದೇ ಹಾಳೆ ಇಟ್ಟೆ. ಆದರೆ ಅದರ ತುಂಬ ಅಂಕಿ ತುಂಬಿದ್ದೆ. ನಮ್ಮ ಕಡೆಯ ಶಾಸಕರೊಬ್ಬರ ಮನೆಯ ಪಡಸಾಲೆ, ಇಪ್ಪತ್ತು ಮೂವತ್ತು ಜನ ಗೋಡೆಗೊರಗಿ ಕೂತಿದ್ದರು. ಅವರೆಲ್ಲರ ಮುಂದೆ ನಾನು, ಲೀಟರಿಗೆ ಇಷ್ಟು ಮಿಲಿಗ್ರಾಂ ಲವಣ ಇರಬೇಕು, ಅಷ್ಟು ಇದೆ ಎಂದು ವಿವರಿಸಿದೆ. ಶಾಸಕರು ತಾಳ್ಮೆಯಿಂದ ಕೇಳಿದರು.

"ಬಾಯಾರ, ನೀವು ಹೇಳೂದು ಖರೇ ಇರಬೇಕ್ರಿ. ಆದ್ರ ಈ ಮಿಲಿಗ್ರಾಮ ಯಾವ ಓಣ್ಯಾಗ ಇರ್ತಾನ? ಅಂವಂದು ವೋಟ ಐತೇನು?"

ಪಡಸಾಲೆಯೆಲ್ಲ ನಕ್ಕಿತು. ನಗುವವರ ಜೊತೆ ನಕ್ಕುಬಿಡುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಹಾಳೆ ಮಡಚಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಮುಂದಿನ ಸಲ ಅದೇ ಪಡಸಾಲೆಯಲ್ಲಿ, "ಆ ನೀರಾಗ ಬ್ಯಾಳಿ ಬೇಯಂಗಿಲ್ರಿ" ಎಂದೆ. ಶಾಸಕರು ತಲೆ ಎತ್ತಿ, "ಖರೇ ಏನ್ರಿ? ಎಷ್ಟೊತ್ತು ಇಟ್ರೂ?" ಎಂದರು. ಅಂಕಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದು ಚೀಲದಲ್ಲಿರಲಿ, ಬೇಳೆ ಬಾಯಲ್ಲಿರಲಿ.

ಬೆಂಗಳೂರಿನ ಶಾಸಕರ ಭವನದಲ್ಲಿ ಒಬ್ಬ ಆಪ್ತ ಸಹಾಯಕರಿದ್ದರು. ಬಂದವರ ಹೆಸರನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಎದುರಿಗೆ ಬಂದ ಕಾರಣ ಬರೆಯುತ್ತಿದ್ದರು. ನನ್ನ ಹೆಸರಿನ ಎದುರಿಗೆ ಪ್ರತಿ ಸಲವೂ 'ವರ್ಗಾವಣೆ' ಎಂದಿರುತ್ತಿತ್ತು. ಒಂಟಿ ಹೆಂಗಸು ಬಂದಳೆಂದರೆ ಶಾಲೆಯ ಮಾಸ್ತರಿಣಿ, ಊರಿಗೆ ವರ್ಗ ಕೇಳಲು ಬಂದವಳು ಎಂದು ಅವರ ಲೆಕ್ಕ. "ನೀರಿನ ವಿಷಯ ಸರ್" ಎಂದು ಎರಡು ಸಲ ತಿದ್ದಿಸಿದೆ. ಮೂರನೆಯ ಸಲ ಬಿಟ್ಟೆ. ವರ್ಗಾವಣೆಯವರನ್ನು ಬೇಗ ಒಳಗೆ ಬಿಡುತ್ತಿದ್ದರು.

ಕಾಯುವುದೇ ಈ ಕೆಲಸದ ಮುಕ್ಕಾಲು ಪಾಲು. ಬೆಳಿಗ್ಗೆ ರೈಲಿನಿಂದಿಳಿದು ದುಡಿಯುವ ಮಹಿಳೆಯರ ವಸತಿಗೃಹದಲ್ಲಿ ಸ್ನಾನ ಮಾಡಿ ಹೊರಟರೆ ಸಂಜೆಯವರೆಗೆ ಯಾವುದೋ ವರಾಂಡದ ಬೆಂಚಿನ ತುದಿ. ಗಂಡಸರು ಗುಂಪಾಗಿ ಬರುತ್ತಿದ್ದರು, ಚಹಾಕ್ಕೆ ಗುಂಪಾಗಿ ಹೋಗುತ್ತಿದ್ದರು. ನಾನು ಕಟ್ಟಿಕೊಂಡು ಹೋದ ರೊಟ್ಟಿಯನ್ನು ಮೆಟ್ಟಿಲ ಕೆಳಗೆ ನಿಂತು ತಿನ್ನುತ್ತಿದ್ದೆ. ದಿನವಿಡೀ ನಾನಾಡಿದ ಮಾತು ನನ್ನ ಹೆಸರು, ಊರು, ಕಾರಣ, ಈ ಮೂರೇ ಆದ ದಿನಗಳು ಬಹಳ. ಹೊಸಬರು ಇದಕ್ಕೆ ಸಿದ್ಧರಾಗಿರಬೇಕು. ಪುಸ್ತಕ ಒಯ್ಯಬೇಡಿ. ಓದುತ್ತ ಕೂತವರನ್ನು ಯಾರೂ ಕರೆಯುವುದಿಲ್ಲ.

ಇನ್ನು ಆ ಊರು. ಕಪ್ಪು ಹೊಲಗಳ ನಡುವಿನ ಊರು, ಭೂಮಿಯೊಳಗಿನ ನೀರೆಲ್ಲ ಸವಳು. ಹಿರಿಯರು ಕಟ್ಟಿದ ಕೆರೆಯೊಂದೇ ಕುಡಿಯುವ ನೀರು. ಕೆರೆಯ ಸುತ್ತ ಮುಳ್ಳುಬೇಲಿ. ಏರಿ ಹತ್ತುವಾಗ ಎಂಥವರೂ ಚಪ್ಪಲಿ ಕಳಚಬೇಕು. ದನ ಇಳಿಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಮಳೆನೀರು ನಿಂತು ನಿಂತು ಬೇಸಿಗೆಯ ಹೊತ್ತಿಗೆ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಹೆಂಗಸರು ಹಳೇ ಧೋತರವನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಕೊಳೆ ತಳಕ್ಕಿಳಿಯಲೆಂದು ಆಲಂ ತಿರುವಿ ಇಡುತ್ತಿದ್ದರು. ಬೇಸಿಗೆಯ ಕೊನೆಯ ಎರಡು ತಿಂಗಳು ಕೆರೆಯ ತಳ ಕಂಡಾಗ ಉಳಿಯುವುದು ಊರ ನಡುವಿನ ಬೋರಿಂಗ್ ಮಾತ್ರ. ಕೈಯಿಂದ ಒತ್ತುವ ಆ ಪಂಪಿನ ನೀರು ನೋಡಲು ಸ್ಫಟಿಕ, ಬಾಯಿಗಿಟ್ಟರೆ ಉಪ್ಪು. ದನಕ್ಕೆ, ಬಳಸಲಿಕ್ಕೆ ಅದು. ಆ ಎರಡು ತಿಂಗಳು ಜನರೂ ಅದನ್ನೇ ಕುಡಿಯುತ್ತಿದ್ದರು. ಮಕ್ಕಳಿಗೆ, ಮುದುಕರಿಗೆ ಹೊಟ್ಟೆ ನಿಲ್ಲುತ್ತಿರಲಿಲ್ಲ.

ತೊಡಕು ಆ ಪಂಪಿನಿಂದಲೇ ಬಂದದ್ದು. ಬೋರಿಂಗ್ ಕೊರೆದ ಕೂಡಲೇ ಸರ್ಕಾರದ ಪಟ್ಟಿಯಲ್ಲಿ ಊರಿನ ಹೆಸರು 'ನೀರು ಒದಗಿಸಲಾಗಿದೆ' ಎಂಬ ಕಾಲಮ್ಮಿಗೆ ಹೋಗಿತ್ತು. ಆ ಕಾಲಮ್ಮಿನಲ್ಲಿರುವ ಊರಿಗೆ ಬೇರೆ ಯೋಜನೆ ಬರುವುದಿಲ್ಲ. ನಮ್ಮ ಬೇಡಿಕೆ ದೊಡ್ಡದಲ್ಲ. ಊರ ಹತ್ತಿರ ಹಾಯ್ದ ನೀರಾವರಿ ಕಾಲುವೆಯ ನೀರು ಹೊಲಗಳಿಗೆ ಹರಿಯುವ ಮುನ್ನ ವರ್ಷಕ್ಕೆ ಎರಡು ಸಲ ಆ ಕೆರೆ ತುಂಬಲಿ, ಏರಿಯ ಕೆಳಗೆ ಮರಳಿನ ಶೋಧಕ ಕಟ್ಟಲಿ. ಶಾಸಕರಿಗೆ ಇದೂ ಸುಲಭವಿರಲಿಲ್ಲ. ಕಾಲುವೆ ಬಂದ ಮೇಲೆ ಹತ್ತಿ, ಮೆಣಸಿನಕಾಯಿ ಹೆಚ್ಚಿದ್ದವು. ಹೊಲದವರು ತಮ್ಮ ಪಾಲು ಬಿಡಲೊಲ್ಲರು. ಅಂಗಡಿ ಸರ್ ಶಾಸಕರಿಗೆ ಹೇಳುತ್ತಿದ್ದುದು ಒಂದೇ ಮಾತು: "ಬೆಳಿ ಹೆಚ್ಚಾಗ್ಲಿ, ಯಾರ ಬ್ಯಾಡಂದ್ರು? ಆದ್ರ ಬಿತ್ತಾಂವ ಏನ ಕುಡೀಬೇಕ್ರಿ?" ಆದರೆ ಇದೆಲ್ಲ ಆಮೇಲಿನದು. ಮೊದಲು ಆ ಊರಿನ ಹೆಸರು ಆ ಕಾಲಮ್ಮಿನಿಂದ ಹೊರಗೆ ಬರಬೇಕಿತ್ತು. ಅದನ್ನು ಮಾಡಬಲ್ಲದ್ದು ಜನರ ಅರ್ಜಿಗಳನ್ನು ವಿಚಾರಿಸುವ ಶಾಸಕರ ಸಮಿತಿ ಒಂದೇ.

ಊರಿನಲ್ಲಿ ನನಗೆ ಕುಂದರಲು ಒಂದು ಮನೆಯಿತ್ತು, ಕಲ್ಲವ್ವನದು. ನನಗಿಂತ ಹದಿನೈದು ವರ್ಷ ದೊಡ್ಡವಳು, ಗಂಡನಿಲ್ಲ, ನಾಲ್ಕು ಎಕರೆ ಹೊಲ, ಒಬ್ಬಳೇ ಮಗಳು. ಮಗಳನ್ನು ಅಣ್ಣಿಗೇರಿಗೆ ಕೊಟ್ಟಿದ್ದಳು. ಚೊಚ್ಚಲು ಬಸುರಿ, ಬೇಸಿಗೆಗೆ ದಿನ ತುಂಬುತ್ತಿತ್ತು. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು. ಬೀಗರು ಬೇಡವೆಂದರು.

"ಏನಂದ್ರ ಗೊತ್ತೇನ್ರಿ ಅಕ್ಕಾರ?" ಎಂದಳು ಕಲ್ಲವ್ವ. "'ನಿಮ್ಮೂರ ನೀರಿಗೆ ಬಾಣಂತೀನ ಕಳಸಂಗಿಲ್ಲ' ಅಂದ್ರು. ನಾಕ ಮಂದಿ ಮುಂದ ಅಂದ್ರು. ನಮ್ಮ ಮನ್ಯಾಗ ಜ್ವಾಳಕ್ಕ ಕಡಿಮಿಲ್ಲ, ಹೈನಕ್ಕ ಕಡಿಮಿಲ್ಲ. ನೀರಿಗೆ ಮಾನ ಹೋತು."

ಮಗಳು ಅಲ್ಲೇ ಹೆತ್ತಳು. ಕಲ್ಲವ್ವ ಬುತ್ತಿ ಕಟ್ಟಿಕೊಂಡು ಹೋಗಿ ಮೊಮ್ಮಗಳನ್ನು ನೋಡಿ ಬಂದಳು. ಎರಡನೆಯ ಬಾಣಂತನವನ್ನಾದರೂ ತನ್ನ ಮನೆಯಲ್ಲೇ ಮಾಡಬೇಕೆಂದು ಅವಳ ಹಟ. ಅರ್ಜಿಗೆ ಮೊದಲ ಹೆಬ್ಬೆಟ್ಟು ಅವಳದೇ.

ಸಮಿತಿ ನಮ್ಮ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಂಡಿತು. ಅಂಗಡಿ ಸರ್ ಬಹಳ ಉತ್ಸಾಹದಲ್ಲಿದ್ದರು. "ಆ ನೀರು ಒಯ್ಯಿ. ಒಂದ ಗುಟುಕು ಕುಡೀಲಿ. ನೂರ ಹಾಳಿ ಓದಿದ್ಹಂಗ ಆಗತೈತಿ" ಎಂದು ಪ್ರಯೋಗಶಾಲೆಯಿಂದ ಎರಡು ಗಾಜಿನ ಬಾಟಲಿ ತಂದುಕೊಟ್ಟರು. ನಾನು ಅವನ್ನು ಕುದಿಸಿ ತೊಳೆದೆ, ಚೀಟಿ ಅಂಟಿಸಿದೆ, ಊರಿಗೆ ಹೋಗಿ ಕಲ್ಲವ್ವನ ಕೈಯಲ್ಲಿಟ್ಟೆ.

"ನಾಡದ ಬರ್ತೀನಿ. ಬೋರಿಂಗ ನೀರು ತುಂಬಿಸಿಡ್ರಿ. ಬೆಂಗಳೂರಾಗ ಶಾಸಕರು ಕುಡೀತಾರ."

"ಶಾಸಕರು? ಖುದ್ದ ಅವರ?"

"ಹೌದು, ಅವರ."

ತಪ್ಪು ಆದದ್ದು ಇಲ್ಲಿ. ಪರೀಕ್ಷೆಗೆ ಬೇಕು ಎಂದಿದ್ದರೆ ಸಾಕಿತ್ತು.

ಎರಡು ದಿನದ ಮೇಲೆ ಹೋದಾಗ ಬಾಟಲಿಗಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಸಿದ್ಧವಾಗಿದ್ದವು. ಕನ್ನಡಿಯಂಥ ನೀರು. ಬೋರಿಂಗ್ ನೀರೂ ಹಾಗೆಯೇ ಇರುತ್ತಿತ್ತಾದ್ದರಿಂದ ನನಗೆ ಸಂಶಯ ಬರಲಿಲ್ಲ. ಒಂದು ಹನಿ ನಾಲಿಗೆಗೆ ಹಾಕಿ ನೋಡಲಿಲ್ಲ. ಎಂ.ಎಸ್ಸಿ. ಮಾಡಿದವಳು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಈ ಬದಿಗೆ ನಾನೊಬ್ಬಳು, ಆ ಬದಿಗೆ ಸದಸ್ಯರು, ಪಕ್ಕದಲ್ಲಿ ಇಲಾಖೆಯ ಎಂಜಿನಿಯರು. ನಾನು ಒಂದು ಹಾಳೆ ಓದಿದೆ, ಪ್ರಯೋಗಶಾಲೆಯ ವರದಿ ಕೊಟ್ಟೆ, ಬಾಟಲಿ ತೆರೆದು ಲೋಟಕ್ಕೆ ಸುರಿದೆ. ಮೈಸೂರು ಸೀಮೆಯ ಹಿರಿಯ ಸದಸ್ಯರೊಬ್ಬರು ಮುಖ ಹಿಂಡಿಕೊಂಡೇ ಒಂದು ಗುಟುಕು ತೆಗೆದುಕೊಂಡರು. ಆಮೇಲೆ ಇನ್ನೊಂದು ಗುಟುಕು. ಲೋಟ ಖಾಲಿ ಮಾಡಿದರು.

"ಚೆನ್ನಾಗಿದೆಯಲ್ಲಮ್ಮ! ನಮ್ಮನೆ ನೀರಿಗಿಂತ ಸಿಹಿಯಾಗಿದೆ."

ಪಕ್ಕದವರೂ ಕುಡಿದರು. ಎಂಜಿನಿಯರು ಮೆಲ್ಲಗೆ, "ಕಾಗದ ಸವಳು ಅನ್ನುತ್ತೆ, ನೀರು ಸಿಹಿ ಅನ್ನುತ್ತೆ. ಯಾವುದನ್ನ ನಂಬೋಣ ಸರ್?" ಎಂದರು.

"ಕಾಗದ ಕುಡಿಯೋಕಾಗಲ್ವಲ್ಲಪ್ಪ" ಎಂದರು ಹಿರಿಯರು. ಎಲ್ಲರೂ ನಕ್ಕರು.

ನಾನು ಉಳಿದ ನೀರನ್ನು ಅಂಗೈಗೆ ಹಾಕಿಕೊಂಡು ಬಾಯಿಗಿಟ್ಟೆ. ಕೆರೆಯ ನೀರು. ಮೂರು ನಾಲ್ಕು ಸಲ ಸೋಸಿ, ಆಲಂ ತಿರುವಿ, ಒಂದು ರಾತ್ರಿಯೆಲ್ಲ ನಿಲ್ಲಿಸಿ, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿದ ನೀರು. ಅಲ್ಲೇ ಅದನ್ನು ಹೇಳಬಹುದಿತ್ತು. ಹೇಳಿದರೆ ಕಲ್ಲವ್ವ ಮೋಸ ಮಾಡಿದಳೆಂದಾಗುತ್ತದೋ ಎಂದು ಬಾಯಿ ಬರಲಿಲ್ಲ. ಅರ್ಜಿಯ ಮೇಲೆ 'ಪರಿಶೀಲಿಸಲಾಗಿದೆ' ಎಂದು ಬರೆದರು. ಮುಗಿಯಿತು ಎಂದೇ ಅದರ ಅರ್ಥ.

ಧಾರವಾಡಕ್ಕೆ ಬಂದು ಸರ್ ಮೇಜಿನ ಮೇಲೆ ನಾಲ್ಕು ಸಾಲಿನ ವರದಿ ಇಟ್ಟೆ. ಮಾದರಿ ತಪ್ಪಾಗಿತ್ತು, ತಪ್ಪು ನನ್ನದು ಎಂದು ಕೊನೆಯ ಸಾಲು. ಅವರು ಓದಿ, ಕನ್ನಡಕ ತೆಗೆದು, ಕಿಟಕಿಯ ಹೊರಗೆ ನೋಡಿದರು. "ನಾಲಿಗೀಗೂ ಒಂದ ಕೆಲಸ ಕೊಡಬೇಕಾಗಿತ್ತು" ಎಂದರು. ಮತ್ತೆ ಆ ಮಾತೆತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಹೋದೆ. ಕಲ್ಲವ್ವ ಬಾಗಿಲಲ್ಲೇ ಎದುರುಗೊಂಡಳು.

"ಕುಡದ್ರೇನ್ರಿ ಅಕ್ಕಾರ? ರುಚಿ ಹತ್ತಿತೇನ್ರಿ?"

"ಕಲ್ಲವ್ವ, ನಾ ಬೋರಿಂಗ ನೀರು ಅಂದಿದ್ದೆ."

"ನೀವ ಕುಡೀತಾರ ಅಂದ್ರಲ್ಲ? ದೊಡ್ಡ ಮಂದಿ ಬಾಯಿಗೆ ಸವಳ ನೀರ ಹ್ಯಾಂಗ ಹಾಕೂದ್ರಿ? ಇಡೀ ಓಣ್ಯಾಗಿನವ್ರು ಒಂದೊಂದ ತಂಬಿಗಿ ತಂದ ಕೊಟ್ಟಾರ. ತಳಕ್ಕ ಬಂದ ಕೆರಿ ನೀರದು."

ಆ ನೀರಿನಿಂದಲೇ ಅರ್ಜಿ ಬಿದ್ದುಹೋಯಿತೆಂದು ಹೇಳಿದೆ. ಅವಳು ಎದ್ದು ಒಳಗೆ ಹೋದಳು. ನನಗೆ ಬೆಲ್ಲ, ನೀರು ತಂದಿಟ್ಟಳು. ಬಂದವರಿಗೆ ಕೊಡುವ ಕೆರೆಯ ನೀರೇ.

ಆಮೇಲಿನ ಒಂದು ವರ್ಷ ನಾನು ಆ ಹಿರಿಯ ಸದಸ್ಯರ ಬಾಗಿಲು ಕಾದೆ. ಎರಡು ಅಧಿವೇಶನ. ನನ್ನನ್ನು ಕಂಡಾಗಲೆಲ್ಲ, "ಬಾಟಲಿ ತಂದಿದ್ದೀಯೇನಮ್ಮ?" ಎಂದು ನಗುತ್ತಿದ್ದರು. ಒಂದು ದಿನ ಅವರು ಕಾರಿಗೆ ಹತ್ತುವಾಗ ಹೇಳಿಬಿಟ್ಟೆ: "ಆ ನೀರು ಬೋರಿನದಲ್ಲ ಸರ್. ನೀವು ಕುಡಿಯುತ್ತೀರೆಂದು ತಿಳಿದು ಅವರು ತಮ್ಮಲ್ಲಿದ್ದ ಒಳ್ಳೆಯ ನೀರು ಕಳಿಸಿದರು."

ಅವರು ಕಾರಿನ ಬಾಗಿಲು ಹಿಡಿದು ನಿಂತರು. "ನಮ್ಮಮ್ಮ ಇದ್ದಿದ್ದರೆ ಅದನ್ನೇ ಮಾಡೋರು" ಎಂದರು. "ಸರಿ, ನಾನೇ ಬರ್ತೀನಿ. ಆದರೆ ಮನೆಗೆ ಬಂದವನಿಗೂ ಒಳ್ಳೇ ನೀರೇ ಕೊಡ್ತಾರಲ್ಲ, ಆಗೇನು ಮಾಡ್ತೀಯ?"

"ಬನ್ನಿ ಸರ್" ಎಂದೆ.

ಬೇಸಿಗೆಯಲ್ಲಿ ಸಮಿತಿ ಈ ಕಡೆ ಪ್ರವಾಸ ಬಂದಾಗ ಅರ್ಧ ಗಂಟೆ ಆ ಊರಿಗೆ ಎಂದಾಯಿತು. ನಾನು ಹಿಂದಿನ ವಾರವೇ ಹೋಗಿ ಕಲ್ಲವ್ವನನ್ನು ಕೇಳಿದೆ, ಅವರಿಗೆ ಸವಳು ನೀರನ್ನೇ ಕೊಡಬೇಕೆಂದು.

"ಆಗಂಗಿಲ್ರಿ."

"ಕೆಲಸ ಆಗಬೇಕಲ್ಲ ಕಲ್ಲವ್ವ?"

"ಕೆಲಸ ಆಗಲಿ, ಬಿಡ್ಲಿ. ಮನಿಗೆ ಬಂದವ್ರಿಗೆ ನಾ ಆ ನೀರ ಕೊಡಂಗಿಲ್ಲ. ಬೋರಿಂಗ ಕಡೆ ಕರಕೊಂಡ ಹೋಗ್ರಿ. ಬೊಗಸಿ ಒಡ್ಡಿ ಕುಡೀಲಿ, ಯಾರ ಬ್ಯಾಡಂತಾರ?"

ಅದೇ ಸರಿ ಅನ್ನಿಸಿತು. ಆದರೆ ಅಂದು ಜೀಪುಗಳು ಬಂದು ನಿಂತಾಗ ಪಂಪಿಗೆ ಹಿಡಿಕೆಯೇ ಇರಲಿಲ್ಲ. "ನಿನ್ನೆ ಸಂಜೀಕ ಇಲಾಖೆಯವ್ರು ಬಿಚ್ಚಿ ಒಯ್ದಾರ್ರಿ, ಎಣ್ಣಿ ಹಾಕಿ ತರ್ತೀವಿ ಅಂದ್ರು" ಎಂದರು ಜನ. ಎಂಜಿನಿಯರು ಬೇರೆ ಕಡೆ ನೋಡುತ್ತಿದ್ದರು. ಬಿಸಿಲು ಬಹಳವಿತ್ತು. ಕಲ್ಲವ್ವ ಸದಸ್ಯರನ್ನು ತನ್ನ ಅಂಗಳದ ಚಪ್ಪರದ ಕೆಳಗೆ ಕರೆದಳು. ನವಲಗುಂದದ ಜಮಖಾನೆ ಹಾಸಿದ್ದಳು. ತಟ್ಟೆಯಲ್ಲಿ ಬೆಲ್ಲ, ಬೆಳಗಿದ ಹಿತ್ತಾಳೆಯ ಲೋಟಗಳಲ್ಲಿ ನೀರು. ಎಲ್ಲರೂ ಕುಡಿದರು. ತಿಳಿಯಾದ ಸಿಹಿನೀರು.

"ನೋಡಿ ಸರ್" ಎಂದರು ಎಂಜಿನಿಯರು.

ಹಿರಿಯ ಸದಸ್ಯರು ನನ್ನ ಕಡೆ ನೋಡಿದರು. ನಾನು ಹೊಸ್ತಿಲ ಪಕ್ಕ ನಿಂತಿದ್ದೆ. ಆಗ ಕಲ್ಲವ್ವ ಒಳಗಿಂದ ಇನ್ನೊಂದು ಲೋಟ ತಂದು ನನ್ನ ಕೈಯಲ್ಲಿಟ್ಟಳು. ಇದು ಹಿತ್ತಾಳೆಯದಲ್ಲ, ನಗ್ಗಿದ ಅಲ್ಯೂಮಿನಿಯಂ ಲೋಟ. ಬೆಲ್ಲ ಇರಲಿಲ್ಲ.

"ತಗೋ ತಂಗಿ. ನೀನೂ ಕುಡಿ."

ಮೊದಲ ಗುಟುಕಿಗೇ ಗೊತ್ತಾಯಿತು. ಹಿತ್ತಲಿನ ಮಣ್ಣಿನ ಹರವಿಯಲ್ಲಿ ಹಿಡಿದಿಟ್ಟ ಬೋರಿಂಗ್ ನೀರು. ಗಂಟಲಿಗೆ ಹೋಗಲೊಲ್ಲದು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಸದಸ್ಯರ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು ಹೇಳಿದಳು: "ನಿಮಗ ಕೊಟ್ಟಿದ್ದು ಬಂದವ್ರ ನೀರ್ರಿ. ಮನ್ಯಾಗಿನವ್ರು ನಾವು ಇದನ್ನ ಕುಡೀತೀವಿ."

ನಾನು ಕುಡಿಯುತ್ತ ಹೋದೆ. ಅಷ್ಟು ವರ್ಷ ಎಷ್ಟೋ ಊರುಗಳಲ್ಲಿ ಎಷ್ಟೋ ಮನೆಗಳ ಬೆಲ್ಲ ತಿಂದಿದ್ದೆ. ಮನೆಯವರ ಲೆಕ್ಕದಲ್ಲಿ ನನ್ನನ್ನು ಹಿಡಿದದ್ದು ಅದೊಂದೇ ಸಲ.

ಹಿರಿಯ ಸದಸ್ಯರು ಎದ್ದು ಬಂದರು. "ಇಲ್ಲಿ ಕೊಡಮ್ಮ."

"ಎಂಜಲು ಸರ್."

"ಇರಲಿ, ಕೊಡು."

ಬಾಯಿ ತುಂಬ ತೆಗೆದುಕೊಂಡರು. ಮರುಕ್ಷಣವೇ ಅಂಗಳದ ಮೂಲೆಗೆ ಓಡುವಂತೆ ಹೋಗಿ ಉಗಿದರು. ಹಿತ್ತಾಳೆಯ ಲೋಟದಲ್ಲಿ ಉಳಿದಿದ್ದ ನೀರಿನಿಂದ ಬಾಯಿ ಮುಕ್ಕಳಿಸಿದರು. ಎಂಜಿನಿಯರನ್ನು ಕೇಳಿದ್ದು ಒಂದೇ ಮಾತು: "ನೀವು ಇದನ್ನ ಯಾವತ್ತಾದರೂ ಕುಡಿದು ನೋಡಿದ್ದೀರೇನ್ರೀ?" ಜೀಪುಗಳು ಹೊರಟವು.

ನಾನು ಒಳಗೆ ಹೋದೆ. ಹೇಳಬೇಕೆಂದು ಬಹಳ ಇತ್ತು. ಕಲ್ಲವ್ವ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು.

"ಕೆಲಸ ಆತು ಕಲ್ಲವ್ವ. ಖಂಡಿತ ಆಗತೈತಿ."

"ಆಗಲಿ."

"ಸಿಟ್ಟೇನು?"

"ನಿಮ್ಮ ಮ್ಯಾಲ ಯಾಕ ಸಿಟ್ಟು ಅಕ್ಕಾರ?" ತಿರುಗಿ ನೋಡಲಿಲ್ಲ. "ಬಂದವ್ರು ನಮ್ಮ ಅಂಗಳದಾಗ ಉಗಳಿ ಹೋದ್ರು. ನಮ್ಮತ್ತಿ ಕಾಲದಿಂದ ಈ ಮನ್ಯಾಗ ಹಿಂಗ ಆಗಿದ್ದಿಲ್ಲ. ನಿಮಗಂತ ಕೊಟ್ಟಿದ್ದೆ. ನೀವು ಅವರ ಕೈಗೆ ಕೊಟ್ರಿ."

ಅವಳು ನನಗೆಂದೇ ಕೊಟ್ಟಿದ್ದಳೋ, ಅವರು ನೋಡಲೆಂದು ಕೊಟ್ಟಿದ್ದಳೋ, ಎರಡೂ ಹೌದೋ, ನಾನು ಇವತ್ತಿಗೂ ಹೇಳಲಾರೆ. ನಾನು ಲೋಟ ಬಿಡದೆ ಹಿಡಿದುಕೊಳ್ಳಬಹುದಿತ್ತು ಎಂಬುದಷ್ಟೇ ಗೊತ್ತು. ಹಿಡಿದುಕೊಂಡಿದ್ದರೆ ಊರಿನ ಹೆಸರು ಅದೇ ಕಾಲಮ್ಮಿನಲ್ಲಿ ಉಳಿಯುತ್ತಿತ್ತೇನೋ. ಹೊಸಬರು ಇಂಥಲ್ಲಿ ಏನು ಮಾಡಬೇಕೆಂದು ಕೇಳಿದರೆ ನನ್ನ ಹತ್ತಿರ ನಿಯಮವಿಲ್ಲ.

ಕೆರೆಗೆ ಕಾಲುವೆಯ ನೀರು ಬಂದದ್ದು, ಶೋಧಕ ಎದ್ದದ್ದು ಮುಂದೆ ಎಷ್ಟೋ ದಿನಗಳ ಮೇಲೆ. ಆಗ ನಾನು ಕುಂದಗೋಳದ ಕಡೆ ಇನ್ನೊಂದು ಪಟ್ಟಿ ಹಿಡಿದು ಓಡಾಡುತ್ತಿದ್ದೆ. ಆದರೆ ಸಮಿತಿಯ ಶಿಫಾರಸಿನ ಮೇಲೆ ಸರ್ಕಾರ ಹೊರಡಿಸಿದ ಆದೇಶದ ಪ್ರತಿ ಕೈಗೆ ಬಂದ ದಿನ ನಾನೇ ಊರಿಗೆ ಒಯ್ದೆ. ಅಂಗಡಿ ಸರ್, ಅಂಚೆಯಲ್ಲಿ ಕಳಿಸಿದರೆ ಸಾಕು ಎಂದರೂ ಹೋದೆ. ಹತ್ತು ಹನ್ನೆರಡು ಹೆಂಗಸರು ಕಲ್ಲವ್ವನ ಕಟ್ಟೆಗೆ ಬಂದರು. ನಿಂತು ಓದಿದೆ. ಸದರಿ ಗ್ರಾಮದಲ್ಲಿ ಕುಡಿಯಲು ಯೋಗ್ಯವಾದ ನೀರು ಲಭ್ಯವಿಲ್ಲದಿರುವುದರಿಂದ, ಎಂದು ಅದು ಶುರುವಾಗುತ್ತಿತ್ತು.

"ಅಂದ್ರ ನಮ್ಮೂರಾಗ ಕುಡ್ಯಾಕ ನೀರಿಲ್ಲ ಅಂತ ಸರಕಾರದವ್ರು ಬರದಾರೇನ್ರಿ?" ಎಂದಳು ಕಲ್ಲವ್ವ.

"ಹೌದು. ಹಾಂಗ ಬರದ್ರನ ಯೋಜನಾ ಬರತೈತಿ."

"ಅಣ್ಣಿಗೇರ್ಯಾಗ ನಮ್ಮ ಬೀಗರೂ ಓದ್ತಾರೇನ್ರಿ ಇದನ್ನ?"

ಇಲ್ಲ ಎನ್ನಬಹುದಿತ್ತು. ನನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಪೇಪರಿನ್ಯಾಗ ಬಂದ್ರ ಓದಬಹುದು" ಎಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಲ್ಲವ್ವ ಕಟ್ಟೆಯಿಂದಿಳಿದು ಕೊಡವನ್ನು ಸೊಂಟಕ್ಕೇರಿಸಿದಳು. "ಓದ್ಲಿ ಬಿಡ್ರಿ" ಎಂದಳು. "ಅದರಾಗ ನೀರ ಬರತೈತಿ ಅಂತ ಎಲ್ಲಿ ಬರದಾರ? ಅಷ್ಟ ಇನ್ನೊಮ್ಮೆ ಓದ್ರಿ, ಅಕ್ಕಾರ."

ಆ ಸಾಲನ್ನು ಹುಡುಕಿ ಓದಿದೆ. ಅವಳು ನಿಂತು ಕೇಳಿದಳು. ಪೂರ್ತಿಯಾದ ಮೇಲೆ ತಲೆಯಾಡಿಸಿ ಕೆರೆಯ ದಾರಿ ಹಿಡಿದಳು. ಉಳಿದವರೂ ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು. ಆದೇಶವನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ, ನಾನು ಅದನ್ನು ಮಡಚಿ ಅವಳ ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬಸ್ಸಿಗೆ ನಡೆದೆ.